ಹಬ್ಬದ ಅಡುಗೆ: ಮನೆಯಲ್ಲೇ ಮಾಡೋದಾ, ತರಿಸೋದಾ, ಭಟ್ಟರನ್ನು ಕರೆಸೋದಾ?

ಭೀಮನ ಅಮಾವಾಸ್ಯೆ ಕಳೆದ ಮಾರನೇ ದಿನದಿಂದ ನನ್ನ ಫೋನಿಗೆ ಒಂದೇ ಪ್ರಶ್ನೆ ಹಲವು ವೇಷದಲ್ಲಿ ಬರುತ್ತದೆ. "ವರಮಹಾಲಕ್ಷ್ಮಿಗೆ ಹೋಳಿಗೆ ಮಾಡ್ತೀಯಾ, ತರಿಸ್ತೀಯಾ?" "ಗೌರಿಗೆ ಹತ್ತು ಜನ ಆಗ್ತಾರೆ, ಭಟ್ಟರಿಗೆ ಹೇಳಿಬಿಡಲಾ?" "ದೀಪಾವಳಿ ಅಷ್ಟೊತ್ತಿಗೆ ಕ್ರೆಡಿಟ್ ಕಾರ್ಡೇ ಗತಿ, ಏನು ಮಾಡೋದು?" ಕೇಳುವವರಲ್ಲಿ ಗೃಹಿಣಿಯರಿದ್ದಾರೆ, ಆಫೀಸಿಗೆ ಹೋಗುವವರಿದ್ದಾರೆ, ಹೆಂಡತಿ ತವರಿಗೆ ಹೋದಾಗ ಒಬ್ಬನೇ ಗಣಪತಿ ಕೂರಿಸಿದ ಸಹೋದ್ಯೋಗಿಯೂ ಇದ್ದಾನೆ. ನಾನು ಹದಿನಾಲ್ಕು ವರ್ಷದಿಂದ ಮನೆಯ ಲೆಕ್ಕದ ಪುಸ್ತಕ ಬರೆಯುತ್ತೇನೆ ಅನ್ನುವುದೊಂದೇ ನನ್ನನ್ನು ಕೇಳುವುದಕ್ಕೆ ಕಾರಣ.

ಆ ಪುಸ್ತಕ ತಿರುವಿ ಹಾಕಿದರೆ ಮೊದಲು ಕಣ್ಣಿಗೆ ಬೀಳುವುದು ಹಬ್ಬಗಳ ದಟ್ಟಣೆ. ಆಷಾಢದ ಅಮಾವಾಸ್ಯೆಯಿಂದ ಆಶ್ವಯುಜದ ಅಮಾವಾಸ್ಯೆಗೆ ಮೂರೇ ಚಾಂದ್ರಮಾಸ. ಅಷ್ಟರಲ್ಲಿ ನಾಗರಪಂಚಮಿ, ವರಮಹಾಲಕ್ಷ್ಮಿ, ಕೃಷ್ಣಾಷ್ಟಮಿ, ಗೌರಿ, ಗಣೇಶ, ಪಕ್ಷಮಾಸ, ನವರಾತ್ರಿ, ದೀಪಾವಳಿ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ನೋಡಿದಾಗ "ಇದೊಂದು ಹಬ್ಬ ತಾನೆ" ಅನಿಸುತ್ತದೆ. ಸಂಬಳ ಬರುವುದು ಮಾತ್ರ ಮೂರು ಸಲ.

ಆದ್ದರಿಂದ ಮಾಡೋದಾ ತರಿಸೋದಾ ಅನ್ನುವುದನ್ನು ಒಂದು ಹಬ್ಬಕ್ಕೆ ಒಂದೇ ಉತ್ತರದಂತೆ ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ. ಒಂದೊಂದು ತಿಂಡಿಗೂ ಬೇರೆ ಉತ್ತರ ಇದೆ.

ಅಳೆಯುವುದು ಯಾವುದರಿಂದ

ದುಡ್ಡು ಮೊದಲನೆಯದು, ಸರಿ. ಆದರೆ ಸಾಮಾನಿನ ಚೀಟಿಯ ಮೊತ್ತವಷ್ಟೇ ದುಡ್ಡಲ್ಲ. ಕರಿದು ಉಳಿದ ಎಣ್ಣೆ, ಅರ್ಧ ಬಳಸಿ ಡಬ್ಬಿಯಲ್ಲಿ ಮುಗ್ಗಿದ ಹಿಟ್ಟು, ಹಬ್ಬದ ಮಾರನೇ ದಿನ ಯಾರಿಗೂ ಒಲೆ ಹಚ್ಚುವ ಚೈತನ್ಯವಿಲ್ಲದೆ ಹೋಟೆಲಿನಿಂದ ತರಿಸಿದ ಇಡ್ಲಿ, ಇವೂ ಲೆಕ್ಕಕ್ಕೆ ಸೇರಬೇಕು.

ಎರಡನೆಯದು ಯಾರ ಕೈ, ಎಷ್ಟು ಹೊತ್ತು. ಈ ಪ್ರಶ್ನೆಗೆ ಉತ್ತರ ಬಹುತೇಕ ಮನೆಗಳಲ್ಲಿ ಒಬ್ಬರೇ ಆಗಿರುತ್ತಾರೆ, ಮತ್ತು ಅವರನ್ನು ಯಾರೂ ಕೇಳಿರುವುದಿಲ್ಲ. ಮೂರನೆಯದು ಕೆಡುವ ಭಯ: ಪಾಕ ಕೆಡುವುದೂ ಉಂಟು, ಮಾಡಿಟ್ಟದ್ದು ಹಳಸುವುದೂ ಉಂಟು. ನಾಲ್ಕನೆಯದು ನೈವೇದ್ಯ. ನಿಮ್ಮ ಮನೆಯಲ್ಲಿ ಮಡಿ ಎಷ್ಟು ಗಟ್ಟಿ ಅನ್ನುವುದನ್ನು ಹೊರಗಿನವರು ಹೇಳಲಾಗದು. ಅಂಗಡಿಯದ್ದನ್ನು ದೇವರ ಮುಂದಿಡುವುದಿಲ್ಲ ಅನ್ನುವ ಮನೆಯಲ್ಲಿ ಉಳಿದೆಲ್ಲ ಲೆಕ್ಕ ಅದರ ನಂತರವೇ. ಕೊನೆಯದು ಎಲೆ ಎಷ್ಟು ಬೀಳುತ್ತವೆ. ನಾಲ್ಕು ಎಲೆಗೆ ಸರಿಯಾದ ದಾರಿ ನಲವತ್ತು ಎಲೆಗೆ ತಪ್ಪು.

ಹೋಳಿಗೆಯ ಲೆಕ್ಕ

ಜಗಳ ಹೆಚ್ಚು ಇದರಲ್ಲೇ ಆದ್ದರಿಂದ ಇದನ್ನೇ ಬಿಡಿಸಿ ನೋಡೋಣ. ದರಗಳು ನಮ್ಮ ಬಡಾವಣೆಯವು, ನಿಮ್ಮೂರಿನದು ಹಾಕಿಕೊಳ್ಳಿ. ಒಂದು ಕೆಜಿ ಕಡಲೆಬೇಳೆ 90 ರೂಪಾಯಿ, ಒಂದು ಕೆಜಿ ಬೆಲ್ಲ 70, ಕಣಕಕ್ಕೆ ಚಿರೋಟಿ ರವೆ ಮತ್ತು ಮೈದಾ 45, ಎಣ್ಣೆ 35, ಏಲಕ್ಕಿ ಇತ್ಯಾದಿ 25, ಬಡಿಸುವಾಗ ಹಾಕುವ ತುಪ್ಪ 70. ಗ್ಯಾಸಿನ ಬಗ್ಗೆ ಎಲ್ಲರೂ ಹೆದರುತ್ತಾರೆ, ಅದು ಇಲ್ಲಿ ದೊಡ್ಡದಲ್ಲ. ಒಂದು ಒಲೆ ಮಧ್ಯಮ ಉರಿಯಲ್ಲಿ ಮೂರು ಗಂಟೆ ಉರಿದರೆ ಸುಮಾರು ಅರ್ಧ ಕೆಜಿ ಅನಿಲ, 14.2 ಕೆಜಿ ಸಿಲಿಂಡರಿಗೆ 900 ರೂಪಾಯಿ ಹಿಡಿದರೂ 30 ರೂಪಾಯಿ ಚಿಲ್ಲರೆ. ಎಲ್ಲ ಸೇರಿ 365. ನನ್ನ ಕೈ ಅಳತೆಯಲ್ಲಿ 50 ಹೋಳಿಗೆ ಬರುತ್ತವೆ. ಒಂದಕ್ಕೆ ಏಳೂಕಾಲು ರೂಪಾಯಿ. ನಾನು ಕೊಳ್ಳುವ ಹೋಳಿಗೆ ಅಂಗಡಿಯಲ್ಲಿ ಒಂದಕ್ಕೆ 25. ಐವತ್ತಕ್ಕೆ 1,250. ಉಳಿತಾಯ ಹತ್ತಿರಹತ್ತಿರ 900.

ಇಷ್ಟಕ್ಕೇ ನಿಲ್ಲಿಸಿ "ನೋಡಿದ್ಯಾ, ಮನೆಯದೇ ಅಗ್ಗ" ಅನ್ನುವವರು ಸಾಮಾನ್ಯವಾಗಿ ತಟ್ಟುವವರಲ್ಲ, ತಿನ್ನುವವರು. ಬೇಳೆ ಬೇಯಿಸಿ, ಕಟ್ಟು ಬಸಿದು, ಹೂರಣ ರುಬ್ಬಿ, ಕಣಕ ನಾದಿ, ಐವತ್ತನ್ನೂ ತಟ್ಟಿ ಬೇಯಿಸಿ, ರುಬ್ಬುವ ಕಲ್ಲು ತೊಳೆದಿಡುವ ಹೊತ್ತಿಗೆ ಇಬ್ಬರಿಗೆ ನಾಲ್ಕು ಗಂಟೆ. ಎಂಟು ಗಂಟೆಯ ಕೆಲಸಕ್ಕೆ 900 ರೂಪಾಯಿ, ಅಂದರೆ ಗಂಟೆಗೆ ನೂರಹತ್ತು. ಹನ್ನೆರಡೇ ಹೋಳಿಗೆ ಸಾಕು ಅನ್ನುವ ಪುಟ್ಟ ಮನೆಯಲ್ಲಿ ಉಳಿತಾಯ 210ಕ್ಕೆ ಇಳಿಯುತ್ತದೆ. ಕೆಲಸ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಏಕೆಂದರೆ ಹನ್ನೆರಡು ಮಾಡಿದರೂ ಕಲ್ಲು ತೊಳೆಯಲೇಬೇಕು. ಒಬ್ಬರ ಎರಡೂವರೆ ಗಂಟೆ ಹೋಗುತ್ತದೆ.

ಗಂಟೆಗೆ ನೂರಹತ್ತು ಕಡಿಮೆಯೇ, ಹೆಚ್ಚೇ? ಅತ್ತಿಗೆ, ನಾದಿನಿ ಕೂಡಿ ಹರಟುತ್ತ ತಟ್ಟುವ ಮನೆಯಲ್ಲಿ ಅದು ಲಾಭದ ಮೇಲೆ ಲಾಭ. ಹಿಂದಿನ ರಾತ್ರಿ ಎಂಟಕ್ಕೆ ಬಸ್ಸಿಳಿದು ಬಂದವಳು ಒಬ್ಬಳೇ ಹನ್ನೊಂದರವರೆಗೆ ಕಾವಲಿ ಮುಂದೆ ನಿಂತರೆ ಅದು ಕೂಲಿ.

ಇನ್ನೊಂದು ಸಂಗತಿ ಲೆಕ್ಕಕ್ಕೆ ಸಿಗುವುದಿಲ್ಲ. ಅಂಗಡಿಯ ಹೋಳಿಗೆ ತಂದರೆ ಕಟ್ಟು ಬರುವುದಿಲ್ಲ, ಕಟ್ಟಿಲ್ಲದೆ ಒಬ್ಬಟ್ಟಿನ ಸಾರಿಲ್ಲ. ನಮ್ಮ ಮನೆಯವರಿಗೆ ಹೋಳಿಗೆಗಿಂತ ಮಾರನೇ ದಿನದ, ಎರಡು ಸಲ ಕುದಿಸಿದ ಆ ಸಾರಿನ ಮೇಲೇ ಕಣ್ಣು.

ನಡುವೆ ಒಂದು ದಾರಿಯಿದೆ: ಹಯಗ್ರೀವ. ಅದೇ ಕಡಲೆಬೇಳೆ, ಅದೇ ಬೆಲ್ಲ, ಜೊತೆಗೆ ತುಪ್ಪ, ಕೊಬ್ಬರಿ, ಗಸಗಸೆ. ಕಣಕ ಬೇಡ, ರುಬ್ಬುವುದು ಬೇಡ, ತಟ್ಟುವುದು ಬೇಡ. ಮುಕ್ಕಾಲು ಗಂಟೆಯ ಕೆಲಸ. ಮಾಧ್ವರ ಮನೆಗಳಲ್ಲಿ ಯತಿಗಳಾದ ವಾದಿರಾಜರ ಹೆಸರಿನೊಂದಿಗೆ ಬಂದ ನೈವೇದ್ಯವಾದ್ದರಿಂದ ಮಡಿಯ ಪ್ರಶ್ನೆಯೂ ಏಳುವುದಿಲ್ಲ. ಬೇಳೆ ಬಸಿದ ಕಟ್ಟೂ ಸಿಗುತ್ತದೆ, ಸಾರೂ ಆಗುತ್ತದೆ. ನೈವೇದ್ಯಕ್ಕೆ ಮನೆಯ ಹಯಗ್ರೀವ, ಬಂದವರಿಗೆ ಅಂಗಡಿಯ ಹೋಳಿಗೆ. ಮೂರು ವರ್ಷದಿಂದ ನಮ್ಮ ವರಮಹಾಲಕ್ಷ್ಮಿ ಹೀಗೇ ನಡೆದಿದೆ, ಲಕ್ಷ್ಮಿಯಾಗಲಿ ಅತ್ತೆಯಾಗಲಿ ಆಕ್ಷೇಪಿಸಿಲ್ಲ.

ಚಕ್ಕುಲಿ, ಕೋಡುಬಳೆ, ಕಜ್ಜಾಯ

ಕರಿದ ತಿಂಡಿಯಲ್ಲಿ ಮೋಸ ಮಾಡುವುದು ಎಣ್ಣೆ. ಒಂದು ಕೆಜಿ ಅಕ್ಕಿ, ಕಾಲು ಕೆಜಿ ಉದ್ದು, ಮಿಲ್ಲಿನ ಕೂಲಿ, ಬೆಣ್ಣೆ, ಎಳ್ಳು, ಜೀರಿಗೆ, ಹೀರಿಕೊಂಡ ಎಣ್ಣೆ, ಗ್ಯಾಸು ಎಲ್ಲ ಸೇರಿ ನನಗೆ 255 ರೂಪಾಯಿಗೆ ಒಂದು ಕೆಜಿ ಆರುನೂರು ಗ್ರಾಂ ಚಕ್ಕುಲಿ ಬರುತ್ತದೆ. ಕೆಜಿಗೆ 160. ಅಂಗಡಿಯಲ್ಲಿ ಕೆಜಿಗೆ 400. ಆದರೆ ಬಾಣಲೆಯಲ್ಲಿ ಇನ್ನೂ ಅರ್ಧ ಲೀಟರಿಗಿಂತ ಹೆಚ್ಚು ಎಣ್ಣೆ ಕುಳಿತಿರುತ್ತದೆ. ಅದನ್ನು ಸೋಸಿ ಒಂದು ವಾರದೊಳಗೆ ಪಲ್ಯ, ಒಗ್ಗರಣೆಗೆ ಬಳಸಿದರೆ ಲೆಕ್ಕ ಸರಿ. ಚೆಲ್ಲಿದರೆ ಕೆಜಿಗೆ 220 ಆಯಿತು. ಚೆಲ್ಲಲು ಮನಸ್ಸು ಬಾರದೆ ಗಣೇಶನ ಹಬ್ಬದ ಎಣ್ಣೆಯನ್ನು ದಸರೆಯ ತನಕ ಕಾಯಿಸುತ್ತಾ ಹೋದರೆ ಆರೋಗ್ಯಕ್ಕೆ ಒಳ್ಳೆಯದಲ್ಲ. ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಬೇಡದ ಸಂಯುಕ್ತಗಳು ಹೆಚ್ಚುತ್ತವೆಂದೇ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಅವು ಎಣ್ಣೆಯಲ್ಲಿ ಶೇ. 25 ಮೀರಬಾರದೆಂದು ಮಿತಿ ಹಾಕಿರುವುದು.

ಹಾಗಿದ್ದರೂ ಚಕ್ಕುಲಿಗೆ ನಾನು ಮನೆಯ ಕಡೆಗೇ ಮತ ಹಾಕುತ್ತೇನೆ. ಗಾಳಿಯಾಡದ ಡಬ್ಬಿಯಲ್ಲಿ ಎರಡು ಮೂರು ವಾರ ನಿಲ್ಲುತ್ತದೆ, ಅಂದರೆ ಕೃಷ್ಣಾಷ್ಟಮಿಗೆ ಮಾಡಿದ್ದು ಗಣೇಶನ ತನಕ ಬರುತ್ತದೆ. ಹಬ್ಬದ ದಿನವೇ ಮಾಡಬೇಕೆಂದಿಲ್ಲ, ಹಿಂದಿನ ಭಾನುವಾರ ಮಾಡಬಹುದು. ಒರಳು ಒತ್ತಲು ಗಂಡಸರೂ ಮಕ್ಕಳೂ ತಾವಾಗಿ ಬರುತ್ತಾರೆ. ಹೂರಣ ರುಬ್ಬಲು ಬಂದದ್ದನ್ನು ನಾನು ಕಂಡಿಲ್ಲ. ಹಿಟ್ಟು ಹುರಿದು ಬೀಸಿಸುವ ತಾಪತ್ರಯ ಬೇಡವೆಂದರೆ ಮಿಲ್ಲಿನಲ್ಲೇ ಚಕ್ಕುಲಿ ಹಿಟ್ಟು ಸಿದ್ಧವಾಗಿ ಸಿಗುತ್ತದೆ.

ಕಜ್ಜಾಯ ಮನೆಯಲ್ಲಿ ಯಾರಿಗಾದರೂ ಪಾಕದ ಹದ ಗೊತ್ತಿದ್ದರೆ ಮಾತ್ರ. ಇಲ್ಲದಿದ್ದರೆ ಕೆಲವು ಕಡೆ ದೀಪಾವಳಿಗೆ ಪಾಕ ಹಾಕಿದ ಹಿಟ್ಟನ್ನೇ ಮಾರುತ್ತಾರೆ. ತಂದು ತಟ್ಟಿ ಕರಿದರಾಯಿತು.

ತುಪ್ಪದ ಸಿಹಿಗಳು

ಇಲ್ಲಿ ನನ್ನ ಮಾತು ಉಲ್ಟಾ. ಮೈಸೂರು ಪಾಕಿನಲ್ಲಿ ಬೆಲೆಯೆಲ್ಲ ತುಪ್ಪದ್ದು. 2025ರ ಸೆಪ್ಟೆಂಬರ್ 22ರಂದು ತುಪ್ಪದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದು ನಂದಿನಿ ತುಪ್ಪ ಲೀಟರಿಗೆ 610 ಆದಾಗ ದಸರೆಗೆ ನಾವೆಲ್ಲ ಹಿಗ್ಗಿದೆವು. ನವೆಂಬರ್‌ನಲ್ಲಿ ಅದು 700 ಆಯಿತು. ಆ ದರದಲ್ಲಿ ಒಂದು ಲೋಟ ಕಡಲೆಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪದ ಲೆಕ್ಕಕ್ಕೆ 350 ರೂಪಾಯಿ ಹಾಕಿದರೆ ಮುಕ್ಕಾಲು ಕೆಜಿಗಿಂತ ತುಸು ಹೆಚ್ಚು ಬರುತ್ತದೆ. ಅಂಗಡಿಯ ಅಸಲಿ ತುಪ್ಪದ್ದು ಇದರ ಹತ್ತಿರಹತ್ತಿರ ಎರಡರಷ್ಟು. ಕಾಗದದ ಮೇಲೆ ಮನೆಯದೇ ಗೆಲ್ಲುತ್ತದೆ.

ಆದರೆ ಹೋಳಿಗೆ ಹರಿದರೂ ತಿನ್ನಬಹುದು, ಚಕ್ಕುಲಿ ಮುರಿದರೂ ತಿನ್ನಬಹುದು. ಮೈಸೂರು ಪಾಕಿಗೆ ಅರ್ಧ ನಿಮಿಷ ತಡವಾದರೆ ತಟ್ಟೆಯಲ್ಲಿ ಉಳಿಯುವುದು ಗಾರೆ. ಒಂದು ದೀಪಾವಳಿಗೆ ನಾನು ಕುಟ್ಟಾಣಿಯಲ್ಲಿ ಅದನ್ನು ಪುಡಿ ಮಾಡಿ, ಹಾಲಿಗೆ ಹಾಕಿ ಕುದಿಸಿ, ಪಾಯಸ ಎಂದು ಬಡಿಸಿದ್ದೇನೆ. ನಾಲ್ಕರಲ್ಲಿ ಒಂದು ಸಲ ಕೆಡುವ ಕೈ ನಿಮ್ಮದಾದರೆ ಅಂಗಡಿಗೇ ಹೋಗಿ, ಬೇಕಾದಷ್ಟೇ ಕಾಲು ಕೆಜಿ ತನ್ನಿ. ಮನೆಯಲ್ಲಿ ಮಾಡುವಾಗ ಕಾಲು ಕೆಜಿ ಅನ್ನುವ ಅಳತೆಯೇ ಇಲ್ಲವಲ್ಲ. ಬಾದಾಮಿ, ಗೋಡಂಬಿಯ ಬರ್ಫಿಗಳಿಗೂ ಇದೇ ಮಾತು.

ಕೊಳ್ಳುವಾಗ ಎರಡು ಸಂಗತಿ ಗಮನಿಸಿ. ಡಬ್ಬಿಯನ್ನು ಬಿಟ್ಟು ಸಿಹಿಯನ್ನಷ್ಟೇ ತೂಗಬೇಕು. ದಪ್ಪ ರಟ್ಟಿನ ಅಲಂಕಾರದ ಡಬ್ಬಿ ತಕ್ಕಡಿಯ ಮೇಲೆ ಕೂತರೆ ರಟ್ಟಿಗೂ ಬರ್ಫಿಯ ದರ ಕೊಟ್ಟಂತಾಯಿತು. ಇನ್ನೊಂದು, ಬಿಡಿ ಸಿಹಿಯ ತಟ್ಟೆಯ ಮುಂದೆ "ಯಾವ ದಿನಾಂಕದೊಳಗೆ ಬಳಸಿದರೆ ಉತ್ತಮ" ಎಂದು ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಬಂದಿದೆ. ಹಾಲಿನ ಸಿಹಿಗೆ ಅದನ್ನು ನೋಡದೆ ಕೊಳ್ಳಬೇಡಿ. ಮೈಸೂರು ಪಾಕ್ ಕೆಜಿಗೆ 300 ಎಂದು ಎಲ್ಲಾದರೂ ಕಂಡರೆ ಮೇಲಿನ ತುಪ್ಪದ ಲೆಕ್ಕವನ್ನು ನೆನಪು ಮಾಡಿಕೊಳ್ಳಿ. ಅದರಲ್ಲಿರುವುದು ವನಸ್ಪತಿ ಎಂದು ಬಾಯಿಗಿಡದೆಯೂ ಹೇಳಬಹುದು.

ಮನೆಯಿಂದಲೇ ತಿಂಡಿ ಮಾಡಿ ಮಾರುವ ಹೆಂಗಸರು ಈಗ ಬಹುತೇಕ ಎಲ್ಲ ಬಡಾವಣೆಯಲ್ಲೂ ಇದ್ದಾರೆ. ದರ ಅಂಗಡಿಗಿಂತ ಬಹಳ ಕಡಿಮೆಯೇನಿಲ್ಲ, ರುಚಿ ಮನೆಯದು, ಉಪ್ಪು ಖಾರ ಹೇಳಿ ಮಾಡಿಸಬಹುದು. ತೊಂದರೆ ಎಂದರೆ ಹಬ್ಬಕ್ಕೆ ಹತ್ತು ದಿನ ಮೊದಲೇ ಹೇಳದಿದ್ದರೆ ಸಿಗುವುದಿಲ್ಲ. ಪೊಟ್ಟಣದ ಮೇಲೆ 14 ಅಂಕೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ ನೋಡಿ. ಜೊತೆಗೆ ಹಬ್ಬವಿಲ್ಲದ ವಾರ ಒಮ್ಮೆ ಕಾಲು ಕೆಜಿ ತರಿಸಿ ತಿಂದು ನೋಡುವುದು ನನ್ನ ಪರೀಕ್ಷೆ.

ಭಟ್ಟರು, ಪಾರ್ಸೆಲ್ ಊಟ

ಅಡುಗೆ ಭಟ್ಟರ ಲೆಕ್ಕ ಸುಲಭ. ಅವರಿಗೂ ಸಹಾಯಕನಿಗೂ ಸೇರಿ ಹಬ್ಬದ ದಿನದ ಕೂಲಿ 4,000 ಎಂದಿಟ್ಟುಕೊಳ್ಳಿ. ಹತ್ತು ಎಲೆಯಾದರೆ ಎಲೆಗೆ 400 ರೂಪಾಯಿ ಕೂಲಿಯೇ ಆಯಿತು, ಸಾಮಾನು ಬೇರೆ. ನಲವತ್ತು ಎಲೆಯಾದರೆ ನೂರು. ನಮ್ಮಲ್ಲಿ ಇಪ್ಪತ್ತೈದು ಎಲೆ ದಾಟಿದರೆ ಮಾತ್ರ ಭಟ್ಟರು. ಅವರು ಕೊಡುವ ಸಾಮಾನಿನ ಪಟ್ಟಿ ಮಾತ್ರ ಯಾವಾಗಲೂ ಉದಾರ; ಕಡಿಮೆ ಬಿದ್ದರೆ ಮಾತು ಅವರಿಗೆ ಬರುತ್ತದೆ, ಮಿಕ್ಕಿದರೆ ಬರುವುದಿಲ್ಲ. ಹಿಂದಿನ ವರ್ಷದ ಪಟ್ಟಿಯ ಮೇಲೆ "ಎರಡು ಕೆಜಿ ಬೇಳೆ ಮಿಕ್ಕಿತು" ಎಂದು ಬರೆದಿಟ್ಟುಕೊಂಡು ಈ ವರ್ಷ ಅಷ್ಟನ್ನು ಹೊಡೆದುಹಾಕಿ.

ಹೋಟೆಲಿನವರು ಮನೆಗೆ ಕಳಿಸುವ ಹಬ್ಬದ ಊಟವನ್ನು ಹಿರಿಯರು ಹಗುರವಾಗಿ ನೋಡುತ್ತಾರೆ. ಇಬ್ಬರೇ ಇರುವ ಮನೆಗೆ ಅದಕ್ಕಿಂತ ಲೆಕ್ಕಕ್ಕೆ ಬರುವಂಥದ್ದು ಇನ್ನೊಂದಿಲ್ಲ. ಎಲೆಗೆ 400 ಎಂದರೆ ಇಬ್ಬರಿಗೆ 800. ಕೋಸಂಬರಿ, ಎರಡು ಪಲ್ಯ, ಗೊಜ್ಜು, ಚಿತ್ರಾನ್ನ, ಆಂಬೊಡೆ, ಸಾರು, ಪಾಯಸವನ್ನು ಇಬ್ಬರಿಗಾಗುವಷ್ಟೇ ಮಾಡಲು ಯಾರಿಂದಲೂ ಆಗುವುದಿಲ್ಲ. ಮೂರು ದಿನ ಫ್ರಿಜ್ಜಿನಲ್ಲಿಟ್ಟು ತಿನ್ನುವಷ್ಟು ಆಗಿಬಿಡುತ್ತದೆ. ಕೋಸಂಬರಿ ಮತ್ತು ಒಂದು ಪಾಯಸವನ್ನು ಮನೆಯಲ್ಲಿ ಮಾಡಿ ನೈವೇದ್ಯಕ್ಕಿಟ್ಟು ಉಳಿದದ್ದನ್ನು ತರಿಸಿ. ನಾಲ್ವರಾದರೆ ಪಾರ್ಸೆಲ್ 1,600 ಆಗುತ್ತದೆ, ಆಗ ಮನೆಯ ಅಡುಗೆ ಗೆಲ್ಲತೊಡಗುತ್ತದೆ. ಮೂರರಲ್ಲಿ ನಿಮ್ಮ ಮನಸ್ಸು.

ಅಮೆರಿಕ, ಇಂಗ್ಲೆಂಡಿನಲ್ಲಿರುವವರಿಗೆ ಹಬ್ಬ ಮಂಗಳವಾರ ಬಂದರೂ ಊಟ ಶನಿವಾರವೇ. ಅಲ್ಲಿ ನನ್ನ ತಂಗಿಯ ಗುಂಪಿನವರು ಮನೆಗೊಂದು ಬಗೆ ಹಂಚಿಕೊಳ್ಳುತ್ತಾರೆ: ಒಬ್ಬರು ಹೋಳಿಗೆ, ಒಬ್ಬರು ಪುಳಿಯೋಗರೆ, ಒಬ್ಬರು ಕೋಸಂಬರಿ. ಇದನ್ನು ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಯಾಕೆ ಮಾಡಬಾರದೋ ನನಗೆ ತಿಳಿಯದು. ಒಬ್ಬಳು ಐವತ್ತು ಹೋಳಿಗೆ, ಪಕ್ಕದವಳು ಎರಡು ಕೆಜಿ ಚಕ್ಕುಲಿ ಮಾಡಿ ಅದಲು ಬದಲು ಮಾಡಿಕೊಂಡರೆ ಇಬ್ಬರಿಗೂ ಕಲ್ಲು ತೊಳೆಯುವ ಕೆಲಸ ಒಂದೇ ಸಲ.

ದುಡ್ಡು ಎಲ್ಲಿಂದ

"ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ" ಎಂಬ ಗಾದೆ ಹುಟ್ಟಿದ್ದೇ ಶ್ರಾವಣದಲ್ಲಿರಬೇಕು. ಹಿಂದಿನ ವರ್ಷ ಮೂರು ತಿಂಗಳಲ್ಲಿ ಸೀರೆ, ಪಟಾಕಿ ಬಿಟ್ಟು ಬರೀ ಅಡುಗೆ, ಹೂವು ಹಣ್ಣು, ತಾಂಬೂಲಕ್ಕೆ ಎಷ್ಟು ಹೋಯಿತು ಎಂದು ಕೂಡಿ. ನಮ್ಮದು 12,000. ಅದರಲ್ಲಿ ಸಿಹಿತಿಂಡಿಯದು ಅರ್ಧವೂ ಇರಲಿಲ್ಲ. ವರಮಹಾಲಕ್ಷ್ಮಿಯ ಹಿಂದಿನ ದಿನ ಕೊಂಡ ಕನಕಾಂಬರ, ಕಮಲ, ಬಾಳೆಕಂದು ಸೇರಿ ಹೋಳಿಗೆಯ ಎಲ್ಲ ಉಳಿತಾಯವನ್ನೂ ನುಂಗಿದ್ದವು.

ಹನ್ನೆರಡು ಸಾವಿರವನ್ನು ಹೊಂದಿಸುವ ದಾರಿಗಳನ್ನೂ ಹೀಗೆಯೇ ತೂಗಬಹುದು. ಸಾಸಿವೆ ಡಬ್ಬಿ ಎಲ್ಲಕ್ಕಿಂತ ಸುಲಭ, ಆದರೆ ಕೈಗೆ ಸಿಗುವ ದುಡ್ಡು ಬೇಸಿಗೆಯಲ್ಲೇ ಖಾಲಿ. ಬ್ಯಾಂಕಿನಲ್ಲಿ ದೀಪಾವಳಿಯ ಮಾರನೇ ತಿಂಗಳಿಂದ ತಿಂಗಳಿಗೆ ಸಾವಿರದ ಕಂತಿನ ಠೇವಣಿ, ಅಂದರೆ ಆರ್‌ಡಿ ಕಟ್ಟುತ್ತಾ ಹೋದರೆ ಶ್ರಾವಣದ ಹೊತ್ತಿಗೆ ಎಂಟೊಂಬತ್ತು ಸಾವಿರ ಕೂಡಿರುತ್ತದೆ. ಅವಧಿಯನ್ನು ಶ್ರಾವಣಕ್ಕೆ ಮುಗಿಯುವಂತೆ ಇಡಿ, ದೀಪಾವಳಿಗಲ್ಲ. ಬಡ್ಡಿ ಹೇಳಿಕೊಳ್ಳುವಷ್ಟಿಲ್ಲ, ಅದರ ಗುಣ ಇರುವುದು ಕೈಗೆ ಸಿಗದಿರುವುದರಲ್ಲಿ. ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಬರುವ ಮನೆಯಲ್ಲಿ ಅದರಿಂದ ಐನೂರನ್ನು ಹೀಗೆ ತೆಗೆದಿಟ್ಟರೂ ಆ ಸಾವಿರದ ಅರ್ಧ ಭಾರ ಇಳಿಯುತ್ತದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಹಬ್ಬಕ್ಕೆ ಹೊಂದುವುದಿಲ್ಲ.

ಹಬ್ಬದ ಚೀಟಿ, ಪಟಾಕಿ ಚೀಟಿಗಳ ಬಗ್ಗೆ ನನ್ನ ಅಭಿಪ್ರಾಯ ಕಹಿ. ತಿಂಗಳಿಗೆ ಇಷ್ಟೆಂದು ಕಟ್ಟಿಸಿಕೊಂಡು ದೀಪಾವಳಿಗೆ ದಿನಸಿ, ಸಿಹಿ, ಪಟಾಕಿಯ ಡಬ್ಬಿ ಕೊಡುತ್ತಾರೆ. ಶಿಸ್ತು ಬರುತ್ತದೆ, ನಿಜ. ಆದರೆ ಡಬ್ಬಿಯೊಳಗಿನ ಸಾಮಾನನ್ನು ಬಿಡಿಯಾಗಿ ಬೆಲೆ ಕಟ್ಟಿ ನೋಡಿ, ಕಟ್ಟಿದ್ದಕ್ಕಿಂತ ಕಡಿಮೆ ಬಂದದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ. ನಡೆಸುವವರು ಊರು ಬಿಟ್ಟರೆ ರಸೀದಿಯೂ ಇರುವುದಿಲ್ಲ. ಹತ್ತಾರು ವರ್ಷ ಕಂಡವರ ನಡುವಿನ ಸಣ್ಣ ಚೀಟಿ ಬೇರೆ ಮಾತು.

ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಅದು ಹೆಚ್ಚೆಂದರೆ ಒಂದೂವರೆ ತಿಂಗಳ ಬಿಟ್ಟಿ ಸಾಲ. ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ತಿಂಗಳಿಗೆ ಶೇ. 3ರ ಮೇಲೆ ಬಡ್ಡಿ, ಸಾಲದ್ದಕ್ಕೆ ಹೊಸದಾಗಿ ಕೊಂಡ ಸಾಮಾನಿಗೂ ಅವಧಿಯ ವಿನಾಯಿತಿ ತಪ್ಪುತ್ತದೆ. ವರಮಹಾಲಕ್ಷ್ಮಿಯ 5,000ವನ್ನು ಹಾಗೆ ಮೂರು ತಿಂಗಳು ಎಳೆದುಕೊಂಡು ದೀಪಾವಳಿ ದಾಟಿಸಿದರೆ ಬಡ್ಡಿಯೇ 450 ದಾಟುತ್ತದೆ. ಹೋಳಿಗೆ ತಟ್ಟಿ ದುಡ್ಡು ಉಳಿಸಿದ ಎಂಟು ಗಂಟೆಯಲ್ಲಿ ನಾಲ್ಕು ಗಂಟೆಯ ಉಳಿತಾಯ ಬ್ಯಾಂಕಿಗೆ ಹೋಯಿತು.

ನಿಮ್ಮದು ಯಾವ ಮನೆ

ಗಂಡ ಹೆಂಡತಿ ಇಬ್ಬರೂ ದುಡಿಯುವ, ಪುಟ್ಟ ಮಗುವಿರುವ ಮನೆಯಾದರೆ ಹಯಗ್ರೀವ, ಕೋಸಂಬರಿ ಮನೆಯಲ್ಲಿ, ಹೋಳಿಗೆ ಅಂಗಡಿಯಿಂದ, ಚಕ್ಕುಲಿ ಮನೆಯಿಂದ ಮಾರುವವರಲ್ಲಿ. ಕೈ ಬಿಗಿಯಿರುವ, ಕೈಗಳು ಹೆಚ್ಚಿರುವ ಮನೆಯಾದರೆ ಎಲ್ಲವನ್ನೂ ಮಾಡಿ, ಆದರೆ ಬಗೆಗಳನ್ನು ಕಡಿಮೆ ಮಾಡಿ. ಐದು ಬಗೆಯ ಕಾಲು ಕಾಲು ಕೆಜಿಗಿಂತ ಎರಡು ಬಗೆಯ ಒಂದೊಂದು ಕೆಜಿ ತೂಕದ ಲೆಕ್ಕದಲ್ಲಿ ಅಗ್ಗ, ಎಣ್ಣೆಯೂ ಮಿಕ್ಕುವುದಿಲ್ಲ. ವಯಸ್ಸಾದ ದಂಪತಿ ಪಾರ್ಸೆಲ್ ಊಟ ತರಿಸಿಕೊಳ್ಳಲಿ. ಸಕ್ಕರೆ ಕಾಯಿಲೆಯವರಿರುವಲ್ಲಿ ಅಂಗಡಿಯಿಂದ ಎಣಿಸಿ ತರುವುದೇ ಲೇಸು, ಡಬ್ಬಿ ತುಂಬ ಇದ್ದರೆ ಕೈ ಸುಮ್ಮನಿರುವುದಿಲ್ಲ. ನೆಂಟರಿಗೆ ಕೊರಿಯರ್ ಮಾಡುವುದಿದ್ದರೆ ಚಕ್ಕುಲಿ, ಕೊಬ್ಬರಿ ಮಿಠಾಯಿ, ರವೆಉಂಡೆ. ಬೇಳೆ ಹೋಳಿಗೆ ಎರಡು ದಿನದ ಮೇಲೆ ತಡೆಯುವುದಿಲ್ಲ, ಕಡುಬು ಅದೇ ದಿನದ್ದು.

ನಮ್ಮ ಮನೆಯ ಈ ವರ್ಷದ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲಿದೆ. ವರಮಹಾಲಕ್ಷ್ಮಿಗೆ ಹಯಗ್ರೀವ ಮತ್ತು ಅಂಗಡಿಯ ಇಪ್ಪತ್ತು ಹೋಳಿಗೆ. ಕೃಷ್ಣಾಷ್ಟಮಿಗೆ ಒಂದೂವರೆ ಕೆಜಿ ಚಕ್ಕುಲಿ, ಭಾನುವಾರ, ಒರಳು ಒತ್ತುವುದು ಮಗ. ಗಣೇಶನಿಗೆ ಇಪ್ಪತ್ತೊಂದು ಕಡುಬು, ಅದು ನಾನೇ, ಅದರಲ್ಲಿ ರಾಜಿ ಇಲ್ಲ. ದೀಪಾವಳಿಗೆ ಐವತ್ತು ಹೋಳಿಗೆ, ನಾದಿನಿ ಬಂದಿರುತ್ತಾಳೆ. ಮೈಸೂರು ಪಾಕ್ ಎದುರಿಗೆ "ಕಾಲು ಕೆಜಿ, ಅಂಗಡಿ" ಎಂದು ಬರೆದಿದ್ದೆ. ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಕುಟ್ಟಾಣಿಯ ಚಿತ್ರ ಬಿಡಿಸಿದ್ದಾರೆ.